ಅಜ್ಜಿ ಹೆಸರಲ್ಲಿ ಒಂದು ಸ್ಟಾರ್

"ಇದು ಆಟವಲ್ಲ, ಮನೆಗೆಲಸ. ಹತ್ತಕ್ಕೆ ಎರಡು ಅಂಕ."

ಚಿಕ್ಕಮ್ಮ ಫೋನ್ ನೋಡಿಕೊಂಡು ಗಟ್ಟಿಯಾಗಿ ಓದಿದಳು. ಊಟಕ್ಕೆ ಕೂತಿದ್ದ ಎಲ್ಲರ ಕೈಯೂ ಒಂದು ಕ್ಷಣ ತಟ್ಟೆಯಲ್ಲೇ ನಿಂತಿತು.

"ಯಾರವನು?" ಅಜ್ಜಿ ಕೇಳಿದಳು.

"ದೊಡ್ಡ ವಿಮರ್ಶಕ, ಅಮ್ಮ. ಗೇಮ್‌ಗಳ ಬಗ್ಗೆ ಬರೆಯೋದೇ ಅವನ ಕೆಲಸ."

"ಮನೆಗೆಲಸ ಅಂತಾನಾ? ಒಂದು ದಿನವಾದ್ರೂ ಮಾಡಿದ್ದಾನಾ ಕೇಳು. ಪಾತ್ರೆ ತಿಕ್ಕಿದ ಕೈಯಾಗಿದ್ರೆ ಹತ್ತಕ್ಕೆ ಹತ್ತು ಕೊಡ್ತಿದ್ದ."

ಅಮ್ಮ ನಕ್ಕಳು. ಚಿಕ್ಕಮ್ಮನೂ ನಕ್ಕಳು. ಸಾಸಿವೆ ಮಾತ್ರ ನಗಲಿಲ್ಲ. ಆ ವಿಮರ್ಶಕ ಹೇಳಿದ್ದು ನೂರಕ್ಕೆ ನೂರು ಸರಿ ಎಂದು ಅವಳಿಗೆ ಅನಿಸಿತು. ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಹೇಳಿಕೊಂಡಳು. ಎಷ್ಟು ಚೆನ್ನಾಗಿ ಬರೆದಿದ್ದಾನೆ!

ಸಾಸಿವೆ ಅವಳ ನಿಜವಾದ ಹೆಸರಲ್ಲ, ಅಜ್ಜಿ ಇಟ್ಟ ಹೆಸರು. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಸಿಡಿಯುತ್ತಾಳೆ ಎಂದು ಇಟ್ಟದ್ದು. ಓದುವುದು ಐದನೇ ಕ್ಲಾಸ್, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. "ಈ ಹುಡುಗಿಗೆ ಇಷ್ಟು ಸಿಟ್ಟು ಎಲ್ಲಿಂದ ಬಂತೋ" ಎಂದು ಅಜ್ಜಿ ಕೇಳಿದಾಗಲೆಲ್ಲ ಅಮ್ಮ ಏನೂ ಹೇಳದೆ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ಚಿಕ್ಕಮ್ಮ ಅಮ್ಮನ ತಂಗಿ. ಮೊಬೈಲ್ ಗೇಮ್ ಮಾಡುವುದೇ ಅವಳ ಕೆಲಸ. ಒಂದು ಪ್ರಿಂಟಿಂಗ್ ಅಂಗಡಿಯ ಮೇಲಿನ ಕೋಣೆಯೇ ಅವಳ ಆಫೀಸು. ಅಲ್ಲಿ ಅವಳೂ ಇನ್ನಿಬ್ಬರು ಗೆಳೆಯರೂ ಕೂತು ಕೆಲಸ ಮಾಡುತ್ತಾರೆ. ಕೆಳಗೆ ಮಶೀನು ಓಡಿದರೆ ಮೇಲೆ ಟೀ ಲೋಟ ಕುಣಿಯುತ್ತದೆ.

ಅಪ್ಪನಿಗೆ ಸಂಜೆ ಪಾಳಿ ಇದ್ದ ದಿನ ಹೆಂಗಸರು ನಾಲ್ಕೇ ಜನ ಊಟಕ್ಕೆ ಕೂರುತ್ತಿದ್ದರು. ಆಗ ಆ ಮನೆಯಲ್ಲಿ ಒಂದು ರೂಢಿ. ಗೇಮ್ ಆಡಿದ ಜನ ಅದರ ಕೆಳಗೆ ಬರೆದ ಕಾಮೆಂಟ್‌ಗಳನ್ನು ಚಿಕ್ಕಮ್ಮ ಒಂದೊಂದಾಗಿ ಓದುತ್ತಾಳೆ. ಬರೆದವರು ಎದುರಿಗೇ ನಿಂತಿದ್ದಾರೇನೋ ಎನ್ನುವ ಹಾಗೆ ಅಜ್ಜಿ ಉತ್ತರ ಕೊಡುತ್ತಾಳೆ.

"ಫೋನ್ ಹ್ಯಾಂಗ್ ಆಗುತ್ತೆ. ಮೂರು ಸ್ಟಾರ್."

"ನಿನ್ನ ಫೋನ್ ಮುದಿಯಾಗಿದ್ರೆ ನಾವೇನು ಮಾಡೋಣಪ್ಪ."

"ನನ್ನ ಮಗು ಈ ಗೇಮ್ ನೋಡ್ತಾ ನೋಡ್ತಾ ಪೂರ್ತಿ ಊಟ ಮಾಡಿತು. ಐದು ಸ್ಟಾರ್."

"ಅದು ಒಳ್ಳೇದಲ್ಲ ಕಣಮ್ಮ. ಆಮೇಲೆ ಅಭ್ಯಾಸ ಆಗಿಬಿಡುತ್ತೆ."

ಸಾಸಿವೆಗೂ ಒಂದು ಕಾಲದಲ್ಲಿ ಇದು ಇಷ್ಟವಿತ್ತು. ಆಗ ಓದುತ್ತಿದ್ದದ್ದು ಬೇರೆ ಆಟದ ಕಾಮೆಂಟ್. ಆ ಆಟದ ಹೆಸರು 'ಬಾವಿಯೊಳಗಿನ ಊರು'. ಒಂದು ಆಳವಾದ ಬಾವಿ, ಅದರ ಗೋಡೆಗೆ ಅಂಟಿಕೊಂಡ ಹಾಗೆ ಪುಟ್ಟ ಪುಟ್ಟ ಮನೆಗಳು. ಅಲ್ಲಿಯ ಜನ ಬೆಳಕನ್ನೇ ನೋಡಿದವರಲ್ಲ. ಆಡುವವರು ಒಬ್ಬ ಹುಡುಗಿಯನ್ನು ಮೇಲೆ ಹತ್ತಿಸಬೇಕು. ಹತ್ತಬೇಕಾದರೆ ತಲೆ ಓಡಿಸಬೇಕು. ಒಂದೊಂದು ಸಲ ಎರಡು ಮೂರು ದಿನ ಒಂದೇ ಕಡೆ ಸಿಕ್ಕಿಹಾಕಿಕೊಳ್ಳಬೇಕಾಗುತ್ತಿತ್ತು. ಅದನ್ನು ಎಲ್ಲರಿಗಿಂತ ಮೊದಲು ಆಡಿದವಳು ಸಾಸಿವೆ. ಕೊನೆಯಲ್ಲಿ ಅತ್ತವಳೂ ಅವಳೇ.

ವಿಮರ್ಶಕರು ಆ ಆಟವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ವರ್ಷದ ಅತ್ಯುತ್ತಮ ಎಂದರು, ಗಾಜಿನ ಫಲಕ ಕೊಟ್ಟರು. ಆದರೆ ಜನ ಕೊಳ್ಳಲಿಲ್ಲ. "ಕೊಂಡವರನ್ನೆಲ್ಲ ಸೇರಿಸಿ ಒಂದು ಬಸ್ಸಲ್ಲಿ ಟೂರಿಗೆ ಕರ್ಕೊಂಡು ಹೋಗಬಹುದು, ಹಿಂದಿನ ಸೀಟು ಖಾಲಿ ಇರುತ್ತೆ" ಎಂದು ಚಿಕ್ಕಮ್ಮ ತಮಾಷೆ ಮಾಡುತ್ತಿದ್ದಳು. ಅಜ್ಜಿ ಗಾಜಿನ ಫಲಕ ನೋಡಿ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದಿದ್ದಳು.

ಆಮೇಲೆ ಬಂದದ್ದು 'ಒಪ್ಪ ಓರಣ'. ಅದರಲ್ಲಿ ಒಂದು ಡ್ರಾಯರ್ ತೆರೆಯುತ್ತದೆ. ಒಳಗೆ ಎಲ್ಲ ಚೆಲ್ಲಾಪಿಲ್ಲಿ: ಚಮಚ, ಬ್ಯಾಟರಿ, ದಾರದ ಉಂಡೆ, ಗುಂಡಿ, ಬೀಗದ ಕೈ. ಬೆರಳಿನಿಂದ ಜರುಗಿಸಿ ಎಲ್ಲವನ್ನೂ ಅದರದರ ಜಾಗದಲ್ಲಿ ಇಡಬೇಕು. ಎಲ್ಲ ಸರಿಯಾದರೆ 'ಟಿಣ್' ಎಂದು ಡ್ರಾಯರ್ ಮುಚ್ಚುತ್ತದೆ. ಇನ್ನೊಂದು ತೆರೆಯುತ್ತದೆ. ಅಷ್ಟೇ! ಕತೆ ಇಲ್ಲ, ಶತ್ರು ಇಲ್ಲ, ಸೋಲು ಇಲ್ಲ. ಸಾಸಿವೆ ಮೂರು ಡ್ರಾಯರ್ ಮುಚ್ಚಿ ಆಕಳಿಸಿದಳು. ಜನ ಮಾತ್ರ ಮುಗಿಬಿದ್ದು ಕೊಂಡರು.

ಬಾವಿಯ ಎರಡನೇ ಭಾಗ ಬರಬೇಕಿತ್ತು. ಅದರಲ್ಲಿ ಒಂದು ಕುಂಟುಕಪ್ಪೆ ಇರಬೇಕಿತ್ತು. ಆ ಕಪ್ಪೆ ಸಾಸಿವೆಯದೇ ಐಡಿಯಾ, ಅವಳೇ ಬರೆದ ಚಿತ್ರ. ಚಿಕ್ಕಮ್ಮ ಪ್ರಾಮಿಸ್ ಮಾಡಿದ್ದಳು. 'ಒಪ್ಪ ಓರಣ' ಓಡತೊಡಗಿದ ಮೇಲೆ ಕೇಳಿದರೆ "ಸದ್ಯಕ್ಕೆ ಬೇಡ ಕಣೇ" ಎಂದಳು. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಸಾಸಿವೆಯ ಸಿಟ್ಟಿನ ಬುಡ ಇದೇ.

*

ಮರುದಿನ ಬೆಳಿಗ್ಗೆ ಸ್ಕೂಲ್ ವ್ಯಾನ್ ಎರಡನೇ ತಿರುವಿನಲ್ಲಿ ನಿಂತಿತ್ತು. ಯಾರೋ ಒಬ್ಬ ಹುಡುಗ ಶೂ ಹುಡುಕುತ್ತಾ ಇನ್ನೂ ಮನೆಯಲ್ಲೇ ಇದ್ದ. ವ್ಯಾನ್ ಅಂಕಲ್ ಸ್ಟೀರಿಂಗ್ ಮೇಲೆ ಫೋನ್ ಇಟ್ಟುಕೊಂಡು ಬೆರಳಾಡಿಸುತ್ತಿದ್ದರು.

'ಟಿಣ್.'

"ಆಹಾ!" ಅಂಕಲ್ ಕನ್ನಡಿಯಲ್ಲಿ ಸಾಸಿವೆಯನ್ನು ನೋಡಿದರು. "ನಿಮ್ಮ ಚಿಕ್ಕಮ್ಮನಿಗೆ ಹೇಳಮ್ಮ, ಆ ಟೈಲರ್ ಡ್ರಾಯರ್ ಇದೆಯಲ್ಲ, ಸೂಪರ್ ಅಂತ. ನೀನು ಪುಣ್ಯವಂತೆ ಬಿಡು. ಇಂಥ ಗೇಮ್ ಮಾಡೋರು ಮನೇಲೇ ಇದ್ದಾರೆ."

"ನಿಜವಾಗ್ಲೂ ನಿಮ್ಮ ಚಿಕ್ಕಮ್ಮನಾ ಮಾಡಿದ್ದು?" ಹಿಂದಿನ ಸೀಟಿನಿಂದ ಒಬ್ಬಳು ಕೇಳಿದಳು. "ನಮ್ಮಮ್ಮ ಅದನ್ನೇ ಆಡ್ತಾರೆ!"

"ನಮ್ಮ ಡ್ಯಾಡಿ ಕೂಡ! ಬಾತ್‌ರೂಮಲ್ಲಿ!"

ವ್ಯಾನಿನಲ್ಲಿ ಎಲ್ಲರೂ ಹೋ ಎಂದು ನಕ್ಕರು. ಸಾಸಿವೆಗೆ ಮೈಯೆಲ್ಲ ಉರಿಯಿತು. ಬಾವಿ ಆಟ ಬಂದಾಗ ಇವರಲ್ಲಿ ಒಬ್ಬರೂ ಹೀಗೆ ಕೇಳಿರಲಿಲ್ಲ.

"ಇದು ಏನೂ ಅಲ್ಲ," ಎಂದಳು ಅವಳು. "ಇದಕ್ಕಿಂತ ಮುಂಚೆ ಒಂದು ಮಾಡಿದ್ರು. ಅದಕ್ಕೆ ಪ್ರೈಜ್ ಬಂದಿದೆ."

ಪಕ್ಕದಲ್ಲಿ ಕೂತಿದ್ದವಳು ಉದ್ದಜಡೆ, ಸಾಸಿವೆಯ ಗೆಳತಿ. ಕೂತರೆ ಜಡೆಯ ತುದಿ ಸೀಟಿಗೆ ತಾಗುತ್ತದೆ. ಅವಳು ಮೆಲ್ಲಗೆ, "ಆ ಬಾವಿದಾ? ನಾನು ಆಡಿದೆ ಕಣೇ. ನೀನು ಹೇಳಿದೆ ಅಂತಾನೇ ಆಡಿದೆ. ಕತ್ತಲೆ ಕತ್ತಲೆ, ಹೆದರಿಕೆ ಆಯ್ತು. ಏನೂ ತಿಳೀಲೂ ಇಲ್ಲ. ಡಿಲೀಟ್ ಮಾಡಿದೆ" ಎಂದಳು.

"ಡಿಲೀಟ್?"

"ಹ್ಞೂಂ. ಡ್ರಾಯರ್‌ದು ಚೆನ್ನಾಗಿದೆ."

"ನಿಮಗೆಲ್ಲ ಅದೇ ಸರಿ!" ಸಾಸಿವೆ ಸಿಡಿದಳು. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

"ಯಾರೇ ಕೋಣ?"

"ಕೇಳಿದೋರೇ ಕೋಣ."

ಉದ್ದಜಡೆ ತನ್ನ ಜಡೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು. ಇಡೀ ದಿನ ಮಾತಾಡಲಿಲ್ಲ. ಆಟದ ಪಿರಿಯಡ್‌ನಲ್ಲಿ ಬೇರೆ ಗುಂಪಿಗೆ ಹೋದಳು. ಹೋಗಲಿ, ಯಾರಿಗೆ ಬೇಕು ಎಂದುಕೊಂಡಳು ಸಾಸಿವೆ. ಹಾಗೆ ಅಂದುಕೊಂಡರೂ ಒಬ್ಬಳೇ ಟಿಫಿನ್ ಬಾಕ್ಸ್ ತೆರೆದಾಗ ಅವಳಿಗೆ ತುತ್ತು ಇಳಿಯಲಿಲ್ಲ. ಇದಕ್ಕೆಲ್ಲ ಕಾರಣ ಆ ದರಿದ್ರ ಡ್ರಾಯರ್!

ಸಂಜೆ ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅಜ್ಜಿ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋಗಿದ್ದಳು. ಅವಳ ಟ್ಯಾಬ್ ಮಂಚದ ಮೇಲಿತ್ತು. ಮುಟ್ಟಿದರೆ ಇನ್ನೂ ಬಿಸಿ. ಸ್ಕ್ರೀನ್ ಮೇಲೆ 'ಒಪ್ಪ ಓರಣ'.

ಸಾಸಿವೆ ಬ್ಯಾಗನ್ನೂ ಇಳಿಸಲಿಲ್ಲ. ಕಾಮೆಂಟ್ ಬರೆಯುವ ಜಾಗಕ್ಕೆ ಹೋದಳು. ಒಂದು ಪೆಟ್ಟಿಗೆ ಎದ್ದು ಬಂತು: 'ನೀವು ಈಗಾಗಲೇ ಅಭಿಪ್ರಾಯ ಬರೆದಿದ್ದೀರಿ. ಬದಲಿಸಬೇಕೆ?' ಅದರ ಕೆಳಗೆ ಬೂದು ಬಣ್ಣದಲ್ಲಿ ಏನೋ ನಾಲ್ಕೈದು ಸಾಲು ಇತ್ತು. ಓದುವಷ್ಟು ತಾಳ್ಮೆ ಯಾರಿಗಿದೆ? 'ಹೌದು' ಎಂದು ಒತ್ತಿದಳು. ಒಂದೇ ಒಂದು ಸ್ಟಾರ್ ಕೊಟ್ಟಳು. ಆಮೇಲೆ ಬೆರಳು ಕುಟ್ಟಿ ಕುಟ್ಟಿ ಬರೆದಳು:

'ಇದು ಆಟವಲ್ಲ, ಮನೆಗೆಲಸ. ತಲೆಯಲ್ಲಿ ಮಿದುಳು ಇಲ್ಲದವರು ಮಾತ್ರ ಇದನ್ನು ಆಡುತ್ತಾರೆ. ಇದನ್ನು ಮಾಡಿದವರಿಗೆ ನಾಚಿಕೆ ಆಗಬೇಕು.'

ಕಳಿಸಿದ ಮೇಲೆ ಹಗುರವಾಯಿತು. ಸಾವಿರಾರು ಜನರ ನಡುವೆ ಯಾರು ಬರೆದದ್ದು ಎಂದು ಯಾರಿಗೆ ಗೊತ್ತಾಗಬೇಕು? ಟ್ಯಾಬನ್ನು ಇದ್ದಲ್ಲೇ ಇಟ್ಟು, ಕೈಕಾಲು ತೊಳೆದು, ಏನೂ ಮಾಡದವಳ ಹಾಗೆ ಹೋಂವರ್ಕ್‌ಗೆ ಕೂತಳು.

*

ಅಂದು ಊಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತವಳು ಅಜ್ಜಿ. ತಲೆ ಬಾಚಿಕೊಂಡಿದ್ದಳು.

"ಓದು, ಓದು," ಎಂದಳು, ಚಿಕ್ಕಮ್ಮ ತಟ್ಟೆಗೆ ಕೈ ಹಾಕುವ ಮೊದಲೇ. "ಇವತ್ತಿಂದು ಓದು. ಹೊಸದು."

"ಏನಮ್ಮ ಇಷ್ಟು ಅವಸರ?"

"ಏನಿಲ್ಲ. ಸುಮ್ನೆ."

ಸ್ಕೂಲ್ ಡೇ ದಿನ ಬಹುಮಾನಕ್ಕೆ ಹೆಸರು ಕರೆಯುವುದನ್ನು ಕಾಯುತ್ತಾ ಕೂತ ಮಕ್ಕಳ ಮುಖ ಇರುತ್ತದಲ್ಲ, ಅಜ್ಜಿಯ ಮುಖ ಹಾಗಿತ್ತು. ಚಿಕ್ಕಮ್ಮ ಒಂದು ಓದಿದಳು. ಅಜ್ಜಿ ಉತ್ತರವನ್ನೇ ಕೊಡಲಿಲ್ಲ. "ಹ್ಞೂಂ, ಮುಂದೆ," ಎಂದಳು. ಇನ್ನೊಂದು ಓದಿದಳು. "ಮುಂದೆ."

"ಓಹೋಹೋ!" ಚಿಕ್ಕಮ್ಮ ಕುಣಿಯುವುದೊಂದು ಬಾಕಿ. "ಯಾರಿದು? 'ಅಜ್ಜಿ ನಂಬರ್ ಒನ್'! ಅಮ್ಮಾ, ನೀನು ಬರೆದಿದ್ದೀಯಾ?"

ಟ್ಯಾಬ್ ತಂದ ದಿನ ಆ ಹೆಸರು ಹಾಕಿಕೊಟ್ಟವಳು ಚಿಕ್ಕಮ್ಮನೇ. ಸಾಸಿವೆಗೆ ಅದು ನೆನಪೇ ಇರಲಿಲ್ಲ. ಬೂದು ಬಣ್ಣದ ಆ ನಾಲ್ಕೈದು ಸಾಲು ಯಾರದೆಂದು ಆಗ ಗೊತ್ತಾಯಿತು.

"ಬರೆದೆ, ಅದಕ್ಕೇನೀಗ?" ಅಜ್ಜಿ ನಾಚಿಕೊಂಡೇ ಗದರಿದಳು. "ಗಟ್ಟಿಯಾಗಿ ಓದು. ಎಲ್ಲರಿಗೂ ಕೇಳಬೇಕು."

ಚಿಕ್ಕಮ್ಮನ ಕಣ್ಣು ಸಾಲಿನ ಮೇಲೆ ಓಡಿತು. ನಗು ಅರ್ಧಕ್ಕೇ ನಿಂತಿತು.

"ಆಮೇಲೆ ಓದ್ತೀನಿ, ಅಮ್ಮ. ಊಟ ಮಾಡು."

"ಈಗಲೇ ಓದು ಅಂದೆ."

ಚಿಕ್ಕಮ್ಮ ಓದಿದಳು, ಸಣ್ಣ ದನಿಯಲ್ಲಿ. ಒಂದು ಸ್ಟಾರ್. ಮನೆಗೆಲಸ. ಮಿದುಳು ಇಲ್ಲದವರು. ನಾಚಿಕೆ ಆಗಬೇಕು.

ಅಜ್ಜಿ ತಪ್ಪು ಮನೆಯ ಬಾಗಿಲು ತಟ್ಟಿದವಳ ಹಾಗೆ ಒಮ್ಮೆ ಎಲ್ಲರನ್ನೂ ನೋಡಿದಳು.

"ಇದು ನಾನು ಬರೆದಿದ್ದಲ್ಲ," ಎಂದಳು ಕೊನೆಗೆ. "ನಾನು ಮಧ್ಯಾಹ್ನ ಪೂರ್ತಿ ಕೂತು ಬರೆದೆ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ. ಒತ್ತಕ್ಷರ ಎಲ್ಲಿದೆ ಅಂತ ಸಿಗದೆ ಪಕ್ಕದ ಮನೆ ಟೀಚರನ್ನ ಕೇಳ್ಕೊಂಡು ಬಂದೆ. ಅದೆಲ್ಲಿ ಹೋಯ್ತು?"

ಅಮ್ಮನೂ ಚಿಕ್ಕಮ್ಮನೂ ಒಟ್ಟಿಗೆ ಸಾಸಿವೆಯ ಕಡೆ ತಿರುಗಿದರು. ಕೇಳಬೇಕಾದ ಅಗತ್ಯವೇ ಇರಲಿಲ್ಲ.

"ಹೌದು, ನಾನೇ!" ಸಾಸಿವೆ ಎದ್ದು ನಿಂತಳು. ತಪ್ಪು ಮಾಡಿದಾಗ ಅವಳಿಗೆ ಸಿಟ್ಟು ಇನ್ನೂ ಜಾಸ್ತಿ ಬರುತ್ತದೆ. "ನಿಜ ತಾನೇ ಬರೆದಿದ್ದು? ಬಾವಿ ಎಷ್ಟು ಚೆನ್ನಾಗಿತ್ತು! ಎಲ್ಲ ವಿಮರ್ಶಕರೂ ಹೇಳಿದ್ರು. ನೀನು ಅದನ್ನ ಬಿಟ್ಟು ಈ ಚಮಚ ಜೋಡಿಸೋ ಗೇಮ್ ಮಾಡ್ತೀಯಾ ಚಿಕ್ಕಮ್ಮ. ನನಗೆ ಪ್ರಾಮಿಸ್ ಮಾಡಿದ್ದೆ!"

"ವಿಮರ್ಶಕರು ಹೇಳಿದ್ರು," ಚಿಕ್ಕಮ್ಮ ಫೋನನ್ನು ಕೆಳಗಿಟ್ಟಳು. ಅವಳಿಗೂ ಸಿಟ್ಟು ಬಂದಿತ್ತು. ಅವಳೂ ಆ ಅಜ್ಜಿಯ ಮಗಳೇ ತಾನೇ. "ಹೊಗಳಿದ್ರು, ಖುಷಿ ಆಯ್ತು. ಆದ್ರೆ ಅವರಿಗೆಲ್ಲ ಗೇಮನ್ನ ನಾವೇ ಪುಕ್ಕಟೆ ಕಳಿಸಿದ್ವಿ. ಹೊಗಳಿದೋರಲ್ಲಿ ಒಬ್ಬನೂ ಕೊಂಡಿಲ್ಲ. ಕೊಂಡೋರು ಹತ್ತು ನಿಮಿಷ ಆಡಿ ಹೆದರ್ಕೊಂಡು ಬಿಟ್ರು. ನನಗೆ ಹೊಟ್ಟೆ ಉರೀಲಿಲ್ಲ ಅಂದ್ಕೊಂಡ್ಯಾ? ಆ ಬಾವಿಗೆ ನಾನು ಎರಡು ವರ್ಷ ಹಾಕಿದೀನಿ!"

"ಮತ್ತೆ ಎರಡನೇದು ಮಾಡು!"

"ಮಾಡ್ತೀವೋ ಇಲ್ವೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದಕ್ಕೆ ಪ್ರಾಮಿಸ್ ಮಾಡಿದ್ದು ನನ್ನ ತಪ್ಪು. ನಿನಗೆ ಈ ಗೇಮ್ ಹಿಡಿಸ್ಲಿಲ್ಲ ಅಂದ್ರೆ ನನ್ನ ಮುಖದ ಮೇಲೆ ಹೇಳು. ಸಾವಿರ ಜನ ಬರೀತಾರೆ, ನಿನ್ನ ಒಂದು ಸ್ಟಾರ್‌ನಿಂದ ಗೇಮಿಗೆ ಏನೂ ಆಗಲ್ಲ. ಆದ್ರೆ..."

ಚಿಕ್ಕಮ್ಮ ಮುಗಿಸಲಿಲ್ಲ. ಅಜ್ಜಿ ಕೈತೊಳೆಯಲು ಎದ್ದಿದ್ದಳು. ತಟ್ಟೆಯಲ್ಲಿ ಊಟ ಅರ್ಧ ಉಳಿದಿತ್ತು. ಬಾಗಿಲ ಹತ್ತಿರ ನಿಂತು ಸಾಸಿವೆಯನ್ನು ನೋಡಿದಳು.

"ನಿನ್ನ ಸಿಟ್ಟು ನಿಂದು. ಇಟ್ಕೋ, ಯಾರು ಬೇಡ ಅಂದ್ರು? ಅದಕ್ಕೆ ನನ್ನ ಹೆಸರು ಯಾಕೆ ಹಾಕಿದೆ?"

ಆಮೇಲೆ ಕೋಣೆಯ ಬಾಗಿಲು ಮುಚ್ಚಿತು.

"ಹಳೇದನ್ನ ವಾಪಸ್ ತರೋಕೆ ಆಗಲ್ವಾ?" ಅಮ್ಮ ಕೇಳಿದಳು.

"ಇಲ್ಲ ಅಕ್ಕ. ಹೊಸದು ಬರೆದ್ರೆ ಹಳೇದು ಹೋಯ್ತು. ನಮಗೂ ಸಿಗಲ್ಲ."

*

ಅಜ್ಜಿ ಮಾತು ಬಿಟ್ಟಳು. ಸಾಸಿವೆಗೆ ಇದು ಹೊಸದು. ಬೈದರೆ ತಿರುಗಿ ಬೈಯಬಹುದು, ಹೊಡೆಯಲು ಬಂದರೆ ಓಡಬಹುದು. ಮಾತೇ ಆಡದವರನ್ನು ಏನು ಮಾಡುವುದು?

"ನಿನ್ನ ಮಗಳಿಗೆ ಹೇಳು," ಎಂದಳು ಅಜ್ಜಿ ಬೆಳಿಗ್ಗೆ ಅಮ್ಮನಿಗೆ, ಸಾಸಿವೆ ಅಲ್ಲೇ ಶೂ ಹಾಕಿಕೊಳ್ಳುತ್ತಿದ್ದಾಗ. "ನೀರಿನ ಬಾಟಲಿ ಇಲ್ಲೇ ಬಿಟ್ಟಿದ್ದಾಳೆ."

"ನಿಮ್ಮ ಅಮ್ಮನಿಗೆ ಹೇಳಮ್ಮ," ಎಂದಳು ಸಾಸಿವೆ. "ನನಗೆ ಕಣ್ಣಿದೆ ಅಂತ."

"ನಾನೇನು ಪೋಸ್ಟ್‌ಮ್ಯಾನಾ?" ಎಂದು ಅಮ್ಮ ಇಬ್ಬರ ಮೇಲೂ ರೇಗಿದಳು.

ಮೊದಲ ದಿನ ಸಾಸಿವೆ ಮುಖ ಊದಿಸಿಕೊಂಡೇ ಇದ್ದಳು. ಒಂದು ಕಾಮೆಂಟ್‌ಗೆ ಇಷ್ಟೊಂದಾ? ಎರಡನೇ ದಿನ ಸ್ಕೂಲಿನಿಂದ ಬಂದಾಗ "ಏನಾಯ್ತೇ ಇವತ್ತು?" ಎಂದು ಯಾರೂ ಕೇಳಲಿಲ್ಲ. ಅವಳು ಬಾಗಿಲಲ್ಲಿ ಬ್ಯಾಗ್ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅಜ್ಜಿ ಬಟ್ಟೆ ಮಡಚುತ್ತಾ ಗೋಡೆಯ ಕಡೆ ತಿರುಗಿದಳು. ಆಗ ಸಾಸಿವೆಗೆ ಅಳು ಬಂತು. ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು.

ಸರಿ ಮಾಡಿಬಿಡೋಣ, ಅದರಲ್ಲೇನಿದೆ ಎಂದುಕೊಂಡಳು. ಅಜ್ಜಿ ಮುಖ ತೊಳೆಯಲು ಹೋದಾಗ ಟ್ಯಾಬ್ ತೆರೆದಳು. ಒಂದು ಸ್ಟಾರ್ ತೆಗೆದು ಐದು ಕೊಟ್ಟಳು. ಬರೆದಳು: 'ತುಂಬಾ ತುಂಬಾ ಚೆನ್ನಾಗಿದೆ. ಸೂಪರ್ ಗೇಮ್. ಎಲ್ಲರೂ ಆಡಿ.' ಟ್ಯಾಬನ್ನು ಹಿಡಿದುಕೊಂಡು ಅಜ್ಜಿಯ ಎದುರಿಗೇ ಹೋಗಿ ನಿಂತಳು.

"ನೋಡಜ್ಜಿ. ಸರಿ ಮಾಡಿದೆ."

ಅಜ್ಜಿ ಕನ್ನಡಕ ಹಾಕಿಕೊಂಡು ಓದಿದಳು. ಸಾಸಿವೆ ಕಾದಳು. ಅಜ್ಜಿಯ ಮೂಗಿನ ಹೊಳ್ಳೆ ಅಗಲವಾಯಿತು.

"ಮತ್ತೆ ನನ್ನ ಹೆಸರಲ್ಲಿ ಬರೆದೆಯಾ!"

ಎರಡು ದಿನದ ಮೌನ ಒಂದೇ ಸಲಕ್ಕೆ ಒಡೆಯಿತು. ಅಡುಗೆಮನೆಯಿಂದ ಅಮ್ಮ, ಆಗ ತಾನೇ ಆಫೀಸಿನಿಂದ ಬಂದಿದ್ದ ಚಿಕ್ಕಮ್ಮ, ಇಬ್ಬರೂ ಓಡಿ ಬಂದರು.

"ಐದು ಸ್ಟಾರ್ ಕೊಟ್ಟಿದೀನಲ್ಲ!" ಸಾಸಿವೆಯೂ ಕೂಗಿದಳು.

"ನಾನು ಐದು ಕೊಟ್ಟಿದ್ದೆ ಅಂತ ನಿನಗೆ ಯಾರು ಹೇಳಿದ್ದು?"

ಸಾಸಿವೆ ತಾನು ಕೊಟ್ಟ ಐದು ಸ್ಟಾರ್‌ಗಳನ್ನೇ ಮತ್ತೆ ನೋಡಿದಳು.

"ನಾಲ್ಕು ಕೊಟ್ಟಿದ್ದೆ!" ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿದಳು. "ಆ ಅಡುಗೆಮನೆ ಡ್ರಾಯರಲ್ಲಿ ಚಾಕುವನ್ನ ಚಮಚದ ಜತೆ ಇಡು ಅನ್ನುತ್ತೆ ನಿನ್ನ ಗೇಮು. ಯಾವ ಮನೇಲಿ ಹಾಗೆ ಇಡ್ತಾರೆ? ಕತ್ತಲಲ್ಲಿ ಚಮಚ ಹುಡುಕೋಕೆ ಹೋದ್ರೆ ಕೈ ಕೊಯ್ಯಲ್ವಾ? ಅದಕ್ಕೇ ಒಂದು ಸ್ಟಾರ್ ಕಮ್ಮಿ. ಮಗಳ ಗೇಮು ಅಂತ ಸುಳ್ಳು ಹೇಳಲಾ?"

ಚಿಕ್ಕಮ್ಮ ತಲೆ ಕೆರೆದುಕೊಂಡಳು. "ಹೌದಲ್ಲ," ಎಂದಳು. "ನಮ್ಮ ಮೂವರಲ್ಲಿ ಯಾರೂ ಅಡುಗೆ ಮಾಡಲ್ಲ."

"ಕೇಳಿದ್ರೆ ತಾನೇ ಗೊತ್ತಾಗೋದು," ಎಂದಳು ಅಜ್ಜಿ. ಸಾಸಿವೆಯ ಕಡೆ ತಿರುಗಿ, "ಬೈದರೂ ನೀನೇ, ಹೊಗಳಿದರೂ ನೀನೇ. ನಾನು ಏನು ಹೇಳ್ತೀನಿ ಅಂತ ಯಾರಿಗೂ ಬೇಡ" ಎಂದು ಟ್ಯಾಬ್ ಕಿತ್ತುಕೊಂಡು ಕೋಣೆಗೆ ಹೋದಳು.

ಸಾಸಿವೆಯ ಕಿವಿ ಕೆಂಪಗಾಯಿತು. ಸಿಟ್ಟು ಮಾಡಿಕೊಳ್ಳಲು ಈ ಸಲ ಯಾರೂ ಸಿಗಲಿಲ್ಲ. ಸುತ್ತಿ ಸುತ್ತಿ ಅದು ತನ್ನ ಮೇಲೇ ಬಂದು ಕೂತಿತು.

"ಈಗೇನು ಮಾಡ್ಲಿ ಚಿಕ್ಕಮ್ಮ?"

ಚಿಕ್ಕಮ್ಮ ಆಫೀಸ್ ಬ್ಯಾಗನ್ನು ಕೆಳಗಿಟ್ಟಳು. ಅವಳ ಸಿಟ್ಟೂ ಪೂರ್ತಿ ಇಳಿದಿರಲಿಲ್ಲ. "ನಮ್ಮ ಆಫೀಸಲ್ಲಿ ಒಂದು ರೂಲ್ ಇದೆ," ಎಂದಳು ಆಮೇಲೆ. "ಯಾರಾದ್ರೂ ನಮ್ಮ ಗೇಮ್ ಆಡುವಾಗ ನಾವು ಪಕ್ಕದಲ್ಲಿ ಕೂತು ನೋಡ್ತೀವಿ. ಬಾಯಿ ಬಿಡಂಗಿಲ್ಲ. 'ಅಲ್ಲಿ ಒತ್ತಿ, ಇಲ್ಲಿ ಒತ್ತಿ' ಅಂತ ಬೆರಳು ತೋರಿಸಂಗಿಲ್ಲ. ಅದಕ್ಕೇ ಕೈಗಳನ್ನ ತೊಡೆ ಕೆಳಗೆ ಇಟ್ಕೊಂಡು ಕೂರ್ತೀವಿ. ತುಂಬ ಕಷ್ಟ. ನೀನು ಬಾವಿ ಆಡುವಾಗ ನಾನು ಹಾಗೇ ಕೂತಿದ್ದು. ಅಜ್ಜಿ ಆಡುವಾಗ ಇದುವರೆಗೂ ಯಾರೂ ಕೂತಿಲ್ಲ. ನಾನೂ ಕೂತಿಲ್ಲ."

*

ಮರುದಿನ ಶನಿವಾರ, ಮಧ್ಯಾಹ್ನದವರೆಗೆ ಮಾತ್ರ ಸ್ಕೂಲು. ಊಟವಾದ ಮೇಲೆ ಅಜ್ಜಿ ಮಂಚದ ಮೇಲೆ ಗೋಡೆಗೆ ಒರಗಿ, ಟ್ಯಾಬನ್ನು ದಿಂಬಿನ ಮೇಲೆ ನಿಲ್ಲಿಸಿಕೊಂಡಿದ್ದಳು. ಸಾಸಿವೆ ಬಂದು ಮಂಚದ ತುದಿಯಲ್ಲಿ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡಳು.

ಅಜ್ಜಿ ಓರೆಗಣ್ಣಿನಲ್ಲಿ ನೋಡಿದಳು. ಹೋಗು ಎನ್ನಲಿಲ್ಲ. ಬಾ ಎಂದೂ ಹೇಳಲಿಲ್ಲ.

ಡ್ರಾಯರ್ ತೆರೆಯಿತು. ಅಜ್ಜಿ ಏನನ್ನೂ ಮುಟ್ಟದೆ ಮೊದಲು ಎಲ್ಲವನ್ನೂ ನೋಡಿದಳು. ಸಾಸಿವೆಯಾಗಿದ್ದರೆ ಅಷ್ಟು ಹೊತ್ತಿಗೆ ಅರ್ಧ ಮುಗಿಸಿರುತ್ತಿದ್ದಳು. "ಇದೇನಮ್ಮ ನಿಮ್ಮ ಅವಸ್ಥೆ," ಎಂದಳು ಅಜ್ಜಿ, ಸಾಸಿವೆಗಲ್ಲ, ಡ್ರಾಯರಿನಲ್ಲಿದ್ದ ಸಾಮಾನುಗಳಿಗೆ. ಒಂದು ದೊಡ್ಡ ಚಮಚ ಎತ್ತಿ ಮೂಲೆಗೆ ಇಟ್ಟಳು. "ನೀನು ಹಿರಿಯಳು, ಇಲ್ಲಿ ಕೂತ್ಕೋ." ಚಿಕ್ಕ ಚಮಚವನ್ನು ಅದರ ಪಕ್ಕ ಇಟ್ಟಳು. "ನೀನು ಇವಳ ಹಿಂದೇನೇ ಓಡಾಡೋಳು ತಾನೇ." ಬೆರಳು ನಡುಗುತ್ತಿತ್ತು. ದಾರದ ಉಂಡೆ ಎರಡು ಸಲ ಜಾರಿ ಬಿತ್ತು. ಅಜ್ಜಿ ಅದನ್ನು ಮೂರನೇ ಸಲವೂ ಎತ್ತಿದಳು.

ಒಂದು ಸಣ್ಣ ಬೀಗದ ಕೈ ಉಳಿಯಿತು. ಅದನ್ನು ಎಲ್ಲಿಟ್ಟರೂ ಕೂರುತ್ತಿರಲಿಲ್ಲ. ಎಲ್ಲಿಡಬೇಕೆಂದು ಸಾಸಿವೆಗೆ ಆಗಲೇ ಕಂಡಿತ್ತು. ಡ್ರಾಯರಿನ ಆ ಸಣ್ಣ ಡಬ್ಬಿಯ ಹಿಂದೆ! ಅಲ್ಲೇ ಇದೆ ಜಾಗ! ಹೇಳಲು ನಾಲಿಗೆಯ ತುದಿಗೆ ಬಂತು. ಕೈ ತಾನಾಗಿಯೇ ತೊಡೆಯಡಿಯಿಂದ ಹೊರಬರಲು ನೋಡಿತು. ಅವಳು ತುಟಿ ಕಚ್ಚಿಕೊಂಡು, ಕೈಯ ಮೇಲೆ ಇನ್ನೂ ಭಾರ ಹಾಕಿ ಕೂತಳು. ಅಜ್ಜಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಆ ಬೀಗದ ಕೈಯನ್ನು ಆಚೆ ಈಚೆ ತಿರುಗಿಸುತ್ತಾ, "ಯಾವ ಬೀಗದ್ದೋ ನೀನು, ಬೀಗ ಕಳೆದು ಎಷ್ಟು ದಿನ ಆಯ್ತೋ" ಎನ್ನುತ್ತಿದ್ದಳು.

ಕೊನೆಗೆ ಡಬ್ಬಿ ಜರುಗಿಸಿದಳು. ಬೀಗದ ಕೈ ಕೂತಿತು.

'ಟಿಣ್.'

ಡ್ರಾಯರ್ ಮೆಲ್ಲಗೆ ಮುಚ್ಚಿಕೊಂಡಿತು. ಅಜ್ಜಿ ಒಂದು ಉಸಿರು ಬಿಟ್ಟಳು. ಸಾಸಿವೆಗೆ ಇನ್ನು ತಡೆಯಲಾಗಲಿಲ್ಲ.

"ಬೋರ್ ಆಗಲ್ವಾ ಅಜ್ಜಿ?"

"ನಿನಗೆ ಆದ್ರೆ ಎದ್ದು ಹೋಗು. ಯಾರು ಕಟ್ಟಿಹಾಕಿದ್ದಾರೆ?" ಇನ್ನೂ ಕೋಪದ ದನಿಯೇ. ಆದರೂ ಅಮ್ಮನ ಮೂಲಕ ಅಲ್ಲ, ನೇರ ಅವಳಿಗೇ ಹೇಳಿದ್ದು.

ಸಾಸಿವೆ ಹೋಗಲಿಲ್ಲ. ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಈ ಮನೇಲಿ ಎಷ್ಟು ವರ್ಷದಿಂದ ಒಪ್ಪ ಮಾಡ್ತಾ ಇದೀನಿ ಗೊತ್ತಾ? ನಿಮ್ಮಮ್ಮ ಹುಟ್ಟೋಕೆ ಮುಂಚಿನಿಂದ. ಬೆಳಿಗ್ಗೆ ಎಲ್ಲ ಜೋಡಿಸಿ ಇಡೋದು. ಈ ಕಡೆ ತಿರುಗೋದ್ರೊಳಗೆ ಯಾರೋ ಒಬ್ರು ಬಂದು ಕೆದಕಿ ಹಾಕಿರ್ತಾರೆ. ಮತ್ತೆ ಜೋಡಿಸು. ಮತ್ತೆ ಕೆದಕ್ತಾರೆ. ಮಾಡಿದ್ದು ಮುಗೀತು ಅನ್ನೋ ದಿನವೇ ಇಲ್ಲ. ಮಾಡಿದಳು ಅಂತ ಹೇಳೋರೂ ಇಲ್ಲ." ಅವಳು ಗದ್ದದಿಂದಲೇ ಟ್ಯಾಬಿನ ಕಡೆ ತೋರಿಸಿದಳು. "ಇದು ಟಿಣ್ ಅನ್ನುತ್ತೆ, ಮುಚ್ಕೊಳ್ಳುತ್ತೆ. ಇಲ್ಲಿ ನಾನು ಒಂದು ಸಲ ಮುಚ್ಚಿದ್ದನ್ನ ಬಂದು ಕೆದಕೋರು ಯಾರೂ ಇಲ್ಲ."

ಸಾಸಿವೆಗೆ ಬೂದು ಬಣ್ಣದ ಆ ನಾಲ್ಕೈದು ಸಾಲು ಕಣ್ಣ ಮುಂದೆ ಬಂತು.

"ಅಜ್ಜಿ, ಅದರಲ್ಲಿ ಬರೆದಿದ್ದು ಇದನ್ನೇನಾ?"

ಅಜ್ಜಿ ಕನ್ನಡಕ ಮತ್ತೆ ಹಾಕಿಕೊಂಡಳು.

"ಇದೇ ತರಹ ಏನೋ," ಎಂದಳು. "ಅದು ಇನ್ನೂ ಚೆನ್ನಾಗಿತ್ತು."

ಸಾರಿ ಎಂದು ಹೇಳಲು ಸಾಸಿವೆ ಬಾಯಿ ತೆರೆದಳು. ಆ ಮಾತು ಅವಳಿಗೇ ತೀರಾ ಚಿಕ್ಕದೆನಿಸಿತು. ನಾನು ಬರೆದುಕೊಡಲಾ ಎಂದು ಕೇಳಬೇಕೆನಿಸಿತು, ಅದನ್ನೂ ನುಂಗಿಕೊಂಡಳು. ಆ ಸಾಲುಗಳು ಹೇಗಿದ್ದವು ಎಂದು ಇನ್ನು ಯಾವತ್ತೂ ಯಾರಿಗೂ ಗೊತ್ತಾಗುವುದಿಲ್ಲ. ಅವು ಇದ್ದಾಗ ಈ ಮನೆಯಲ್ಲಿ ಓದಬಹುದಾಗಿದ್ದವಳು ಅವಳೊಬ್ಬಳೇ.

ಅಜ್ಜಿ ಮುಂದಿನ ಡ್ರಾಯರ್ ತೆರೆದಳು. ಅದರಲ್ಲಿ ಹಳೆಯ ಬ್ಯಾಟರಿ, ಪೆನ್ನಿನ ಮುಚ್ಚಳ, ಒಂದು ತುಂಡು ಬಾಚಣಿಗೆ ಇದ್ದವು. ನೋಡಿದರೆ ಸಾಸಿವೆಗೆ ಈಗಲೂ ಬೋರೇ. ಅವಳು ಡ್ರಾಯರನ್ನು ಬಿಟ್ಟು ಅಜ್ಜಿಯ ಮುಖ ನೋಡುತ್ತಾ ಕೂತಳು, ಈ ಬಾಚಣಿಗೆಗೆ ಅಜ್ಜಿ ಏನು ಹೇಳುತ್ತಾಳೋ ಎಂದು.